ಎಡಗಿವಿ, ಬಲಗಿವಿ

ನನಗೆ ಕೋಪ ಬರುವುದು ಬೇಗ, ಇಳಿಯುವುದು ತಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಐದು ದಿನ ನಾನು ತಲೆ ಕೆಡಿಸಿಕೊಂಡದ್ದಕ್ಕೆ ಅರ್ಧ ಕಾರಣ ಅದೇ. ಉಳಿದರ್ಧಕ್ಕೆ ಕಾರಣ ನಾಯಿಮರಿ.

ನಮ್ಮದು ತಕ್ಕಡಿ ರಿಪೇರಿ ಅಂಗಡಿ. ಅಪ್ಪ ಇದ್ದಾಗ ಇಡೀ ಅಂಗಡಿಯಾಗಿತ್ತು, ಈಗ ಅರ್ಧ. ಗಂಡುಮಕ್ಕಳಿಲ್ಲವಲ್ಲ ಎಂದು ಯಾರಾದರೂ ಮರುಕ ತೋರಿಸಿದರೆ ಅಪ್ಪ, "ತಕ್ಕಡಿಗೇನ್ರೀ ಗೊತ್ತಾಗುತ್ತೆ, ಮುಟ್ಟಿದ್ದು ಗಂಡೋ ಹೆಣ್ಣೋ ಅಂತ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಅಕ್ಕನನ್ನೂ ನನ್ನನ್ನೂ ಎಡಕ್ಕೊಬ್ಬಳು ಬಲಕ್ಕೊಬ್ಬಳು ಕೂರಿಸಿಕೊಂಡು ಕೆಲಸ ಕಲಿಸಿದರು. ಯಾವುದನ್ನೇ ಆದರೂ ಮೂರು ಸಲ ತೂಗಬೇಕು, ತೂಗಿದ್ದನ್ನು ಬರೆಯಬೇಕು. ಒಬ್ಬಳು ಕೂಗಿ ಹೇಳಿದರೆ ಇನ್ನೊಬ್ಬಳು ಸೀಮೆಸುಣ್ಣದಲ್ಲಿ ಬರೆಯುವಳು. ಬೀದಿಯ ಜನ ಅಕ್ಕನನ್ನು ದೊಡ್ಡ ತಕ್ಕಡಿ, ನನ್ನನ್ನು ಸಣ್ಣ ತಕ್ಕಡಿ ಎಂದು ಕರೆಯುತ್ತಿದ್ದರು. ಅದೇ ಮೂಗು, ಅದೇ ಕನ್ನಡಕ, ಅದೇ ನರೆಗೂದಲ ಗಂಟು. ಹೊಸಬರಿಗೆ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಚಿನ್ನದ ಕೆಲಸದವರೊಬ್ಬರು ಸಣ್ಣ ತಕ್ಕಡಿಯೊಂದನ್ನು ಸರಿಮಾಡಿಸಲು ತಂದು ಎದುರಿಗೇ ಕುಳಿತಿದ್ದರು. ಅಕ್ಕ ಚಿಮಟದಲ್ಲಿ ಗುಲಗಂಜಿಯಷ್ಟು ತೂಕದ ಬಟ್ಟನ್ನು ಹಿಡಿದು ತಟ್ಟೆಯ ಮೇಲಿಡಲು ಹೋದಳು. ಚಿಮಟ ತಟ್ಟೆಗೆ ತಾಗಿ ಟಿಣ್ ಎಂದಿತು. ಎರಡನೆಯ ಸಲವೂ ತಾಗಿತು. ನಾನು ಹೇಳಿದೆ, "ಅಕ್ಕ, ನಿನ್ನ ಕೈ ನಡುಗುತ್ತೆ. ಇಡು, ನಾನು ಮಾಡ್ತೀನಿ."

ಅಷ್ಟೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಚಿಮಟವನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಮನೆಗೆ ಹೋದಳು. ಮರುವಾರ ಬಡಗಿ ಬಂದು ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿದ.

ಬಡಗಿಗೆ ಒಂದೇ ಒಂದು ತೊಡಕಾಯಿತು. ಅಂಗಡಿಯ ನಟ್ಟನಡುವೆ ಅಪ್ಪ ನೆಲದಲ್ಲಿ ಕೂರಿಸಿದ್ದ, ಮೂಟೆ ತೂಗುವ ತಕ್ಕಡಿ ಇತ್ತು. ನೆಲಕ್ಕೆ ಸಮನಾಗಿ ಕಬ್ಬಿಣದ ಹಲಗೆ, ಪಕ್ಕದಲ್ಲಿ ಎದೆಮಟ್ಟದ ಕಂಬ, ಕಂಬದ ಮೇಲೆ ಗಡಿಯಾರದಂಥ ದುಂಡು ಮುಖ, ಅದರಲ್ಲಿ ನೂರು ಗ್ರಾಂಗೊಂದು ಗೆರೆ, ಒಂದು ಉದ್ದನೆಯ ಮುಳ್ಳು. ಅದನ್ನು ಕೀಳಬೇಕೆಂದರೆ ನೆಲವನ್ನೇ ಅಗೆಯಬೇಕು. ಕೊನೆಗೆ ಗೋಡೆ ಅದರ ಮೇಲೆಯೇ ಹಾದುಹೋಯಿತು. ಕಂಬವೂ ಮುಳ್ಳೂ ನನ್ನ ಪಾಲಿಗೆ ಬಂದವು, ಹಲಗೆ ಮುಕ್ಕಾಲು ಭಾಗ ಅಕ್ಕನ ಪಾಲಿಗೆ ಹೋಯಿತು. ಗೋಡೆ ಹಲಗೆಗೆ ತಾಗಿದರೆ ತಕ್ಕಡಿ ಕೆಡುತ್ತದೆಂದು ನಾವಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಡಗಿಯ ಕಿವಿ ಕಚ್ಚಿದ್ದೆವು. ಅವನು ಅಡಿಯಲ್ಲಿ ಅಂಗೈ ಅಗಲದಷ್ಟು ಸಂದಿ ಬಿಟ್ಟ. ಆ ಸಂದಿಯಲ್ಲಿ ಅಕ್ಕನ ಚಪ್ಪಲಿ ಕಾಣುತ್ತದೆಂದು ನಾನು ಅದಕ್ಕೊಂದು ಗೋಣಿತಾಟು ಇಳಿಬಿಟ್ಟೆ. ಒಬ್ಬಳಿಗೆ ಹಲಗೆ, ಇನ್ನೊಬ್ಬಳಿಗೆ ಮುಳ್ಳು. ನಾಲ್ಕು ವರ್ಷ ಅದರ ಮೇಲೆ ಯಾರೂ ಏನನ್ನೂ ತೂಗಲಿಲ್ಲ, ಕಾಲೂ ಇಡಲಿಲ್ಲ. ನಾನು ಒಂಬತ್ತಕ್ಕೆ ಬಾಗಿಲು ತೆಗೆದರೆ ಅವಳು ಒಂಬತ್ತೂವರೆಗೆ ತೆಗೆಯುವಳು. ಅವಳ ಕೆಮ್ಮು ಕೇಳದಿರಲಿ ಎಂದು ನಾನು ರೇಡಿಯೋ ತಂದಿಟ್ಟೆ. ನನ್ನ ರೇಡಿಯೋ ಕೇಳದಿರಲಿ ಎಂದು ಅವಳೂ ಒಂದನ್ನು ತಂದಿಟ್ಟಳು. ಆಚೆ ಕಡೆಯ ಬಗ್ಗೆ ಯೋಚಿಸುವುದನ್ನೇ ನಾನು ಬಿಟ್ಟುಬಿಟ್ಟೆ.

ಸೋಮವಾರ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಬಳಿ ಒಂದು ರಟ್ಟಿನ ಡಬ್ಬ ಮಗುಚಿ ಬಿದ್ದಿತ್ತು. ಅದರ ಪಕ್ಕದಲ್ಲಿ ಕಪ್ಪು ಬಟ್ಟೆಯ ಉಂಡೆ. ಪೊರಕೆ ತಗುಲಿದಾಗ ಉಂಡೆ ಉಸಿರಾಡಿತು. ನಾಯಿಮರಿ. ಕಣ್ಣಿನ ತುಂಬ ಪಿಸುರು, ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು, ಬಾಲದ ತುದಿ ಮಾತ್ರ ಬೆಳ್ಳಗೆ. ಎಡಗಿವಿ ಮಡಚಿ ಬಿದ್ದಿತ್ತು, ಬಲಗಿವಿ ನೆಟ್ಟಗೆ. ನನಗೆ ನಾಯಿ ಎಂದರೆ ಅಂಥ ಅಕ್ಕರೆಯೇನೂ ಇಲ್ಲ. ಆದರೂ ಎತ್ತಿಕೊಂಡೆ. ಕೈಯಲ್ಲಿ ಹಿಡಿದಾಗ ಅದರ ಎದೆ ಎಷ್ಟು ಬೇಗ ಹೊಡೆದುಕೊಳ್ಳುತ್ತಿತ್ತೆಂದರೆ ನನಗೇ ಗಾಬರಿಯಾಯಿತು. ಒಳಗೆ ಒಯ್ದು, ರೂಢಿಯಂತೆ ಮೂರು ಸಲ ತೂಗಿದೆ. ಸಾವಿರದ ಇನ್ನೂರ ನಲವತ್ತು ಗ್ರಾಂ. ಪ್ಲೈವುಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮತ್ತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಎರಡು ಬೀದಿ ಆಚೆಯ ಪಶು ಆಸ್ಪತ್ರೆಗೆ ಓಡಿದೆ.

ಅಲ್ಲಿಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತು ಖಡಕ್ಕು. "ಹೊಟ್ಟೆ ತುಂಬ ಹುಳ, ಎದೇಲಿ ಕಫ. ಉಳಿದ್ರೆ ನಿಮ್ಮ ಪುಣ್ಯ" ಎಂದರು. ಒಂದು ಸಣ್ಣ ಬಾಟಲಿ ಕೊಟ್ಟರು. "ದಿನಕ್ಕೆ ಒಂದೇ ಸಲ, ಏಳು ದಿನ. ನೂರು ಗ್ರಾಂ ತೂಕಕ್ಕೆ ಒಂದು ಹನಿ. ಇದು ಜೋರು ಔಷಧಿ ಅಮ್ಮ. ಹೆಚ್ಚಾದ್ರೂ ಕಷ್ಟ, ತಪ್ಪಿದ್ರೂ ಕಷ್ಟ. ತೂಕ ಸರಿಯಾಗಿ ನೋಡಬೇಕು."

"ತೂಕದ ವಿಷಯ ನನಗೆ ಹೇಳ್ಬೇಡಿ ಡಾಕ್ಟ್ರೇ" ಎಂದೆ. ಆ ಮಾತು ನೆನೆದರೆ ಈಗ ನಗು ಬರುತ್ತದೆ.

ಹನ್ನೆರಡು ಹನಿ ಹಾಕಿದೆ. ಹಳೆಯ ತಕ್ಕಡಿ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಬಿಸಿನೀರು ತುಂಬಿದ ಸೀಸೆಯೊಂದನ್ನು ಸುತ್ತಿ ಪಕ್ಕದಲ್ಲಿಟ್ಟು, ಮರಿಯನ್ನು ಅದಕ್ಕೆ ಒರಗಿಸಿದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಾನು ಊಟಕ್ಕೆ ಮನೆಗೆ ಹೋಗುವುದು. ಬಿಸಿಲಲ್ಲಿ ಮರಿಯನ್ನು ಅಲ್ಲಾಡಿಸುವುದು ಬೇಡವೆಂದು ಅಂಗಡಿಯಲ್ಲೇ ಬಿಟ್ಟು ಶಟರ್ ಎಳೆದೆ. ಸಂಜೆ ಚೀಲದಲ್ಲಿ ಮಲಗಿಸಿಕೊಂಡು ಮನೆಗೆ ಕರೆತಂದೆ. ಅದು ಕುಂಯ್ ಎಂದರೆ ಗೋಡೆಯ ಆಚೆಯಿಂದಲೂ ಕುಂಯ್ ಎಂದ ಹಾಗಾಗುತ್ತಿತ್ತು. ಪ್ಲೈವುಡ್ಡಿಗೆ ದನಿ ಬಡಿದು ಹಿಂದಕ್ಕೆ ಬರುತ್ತಿದೆ ಎಂದುಕೊಂಡು ರೇಡಿಯೋವನ್ನು ಇನ್ನಷ್ಟು ಜೋರು ಮಾಡಿದೆ.

ಮಂಗಳವಾರ ಬೆಳಿಗ್ಗೆ ಸಾವಿರದ ಇನ್ನೂರ ಎಪ್ಪತ್ತು. ಮೂವತ್ತು ಗ್ರಾಂ ಏರಿತ್ತು. ಹಾಲಿನ ಬಟ್ಟಲಿಗೆ ಮೂತಿಯಿಟ್ಟು ಪಚಪಚನೆ ನೆಕ್ಕಿತು. ಹಿಗ್ಗಿಹೋದೆ. ಆದರೆ ಸಂಜೆ ಮನೆಯಲ್ಲಿ ಅದೇ ಹಾಲಿಗೆ ಮೂತಿಯನ್ನೂ ಹಾಕಲಿಲ್ಲ. ನನ್ನ ಯಜಮಾನರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಎಲ್ಲವನ್ನೂ ಬಸ್ಸಿನ ಲೆಕ್ಕದಲ್ಲೇ ನೋಡುವ ಜನ.

"ಬೆಳಿಗ್ಗೆ ಫುಲ್ ಟ್ಯಾಂಕ್ ಮಾಡ್ಸಿದೀಯ, ಸಂಜೆ ಯಾಕೆ ಕುಡಿಯುತ್ತೆ?" ಎಂದರು.

"ನಿಮ್ಮ ತಲೆ" ಎಂದೆ. ಆದರೆ ಮನಸ್ಸು ಪಿಚ್ಚೆಂದಿತು.

ಬುಧವಾರ ಬೆಳಿಗ್ಗೆ ತೂಗಿದರೆ ಸಾವಿರದ ನೂರ ಇಪ್ಪತ್ತು. ಕಣ್ಣುಜ್ಜಿಕೊಂಡೆ. ಮೂರು ಸಲದ ಜಾಗದಲ್ಲಿ ಆರು ಸಲ ತೂಗಿದೆ. ಒಂದು ದಿನದಲ್ಲಿ ನೂರೈವತ್ತು ಗ್ರಾಂ ಎಲ್ಲಿಗೆ ಹೋಯಿತು? ಮರಿಗೆ ಮೊದಲು ಹನ್ನೊಂದು ಹನಿ ಹಾಕಿ, ಆಮೇಲೆ ಇಡೀ ತಕ್ಕಡಿಯನ್ನು ಬಿಚ್ಚಿ ಹಾಕಿದೆ. ದಂಡ ಒರೆಸಿದೆ, ದಂಡ ಕೂರುವ ಅಲಗು ನೋಡಿದೆ, ಬಟ್ಟುಗಳನ್ನು ಒಂದಕ್ಕೊಂದು ಹೋಲಿಸಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಕ್ಕಡಿ ಸರಿ, ಬಟ್ಟು ಸರಿ, ತೂಗುವವಳು ನಾನು. ಹಾಗಾದರೆ ತಪ್ಪು ಯಾರದ್ದು? ಮರಿಯ ಕಡೆ ನೋಡಿದೆ. ಅದು ನನ್ನನ್ನು ನೋಡಿತು. ಬಲಗಿವಿ ಮಡಚಿ ಬಿದ್ದಿತ್ತು, ಎಡಗಿವಿ ನೆಟ್ಟಗಿತ್ತು.

ಸೋಮವಾರ ಮಡಚಿದ್ದು ಎಡಗಿವಿಯಲ್ಲವೇ? ಎಡವೇ. ಅಥವಾ ಅದು ನನ್ನ ಎದುರು ಮುಖ ಮಾಡಿದ್ದರಿಂದ ಬಲ ಎಡವಾಗಿ ಕಂಡಿತೋ? ಮರಿಯನ್ನು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ, ನಾನೇ ಅದರ ಸುತ್ತ ಒಂದು ಸುತ್ತು ಬಂದೆ. ತಲೆಬುಡ ತಿಳಿಯಲಿಲ್ಲ. ಅಂದಿನಿಂದ ತೂಕದ ಪಕ್ಕದಲ್ಲಿ ಕಿವಿಯನ್ನೂ ಬರೆಯತೊಡಗಿದೆ.

ಗುರುವಾರ ಸಾವಿರದ ಇನ್ನೂರ ಅರವತ್ತು. ಎಡಗಿವಿ.

ಇಷ್ಟು ಹೊತ್ತಿಗೆ ನನಗೆ ನಾಯಿಮರಿಯ ಚಿಂತೆಯ ಜೊತೆಗೆ ಇನ್ನೊಂದು ಚಿಂತೆ ಹತ್ತಿಕೊಂಡಿತ್ತು. ಅಪ್ಪನಿಗೆ ಕೊನೆಯ ಎರಡು ವರ್ಷ ಮರೆವಿನ ಕಾಯಿಲೆ ಬಂದಿತ್ತು. ಶುರುವಾದದ್ದು ಹೀಗೆಯೇ. ತಟ್ಟೆಗೆ ಬಟ್ಟು ಹಾಕಿ, ಹಾಕಿದ್ದನ್ನು ಮರೆತು ಮತ್ತೊಂದು ಹಾಕಿ, ದಂಡ ಯಾಕೆ ವಾಲಿತು ಎಂದು ತಿಳಿಯದೆ ಮಿಕಮಿಕ ನೋಡುತ್ತ ನಿಂತುಬಿಡುತ್ತಿದ್ದರು. ನಾನು ಆ ನೋಟವನ್ನು ನೋಡಿದವಳು. ಗುರುವಾರ ಸಂಜೆ ಕನ್ನಡಿಯ ಮುಂದೆ ನಿಂತು ನನ್ನ ಕಣ್ಣುಗಳನ್ನೇ ಪರೀಕ್ಷೆ ಮಾಡಿದೆ.

"ರೀ, ನಾನು ಈಗೀಗ ಏನಾದ್ರೂ ಮರೀತಿದೀನಾ?" ಎಂದು ಯಜಮಾನರನ್ನು ಕೇಳಿದೆ.

"ನಾಲ್ಕು ವರ್ಷದ ಹಿಂದಿನ ಮಾತು ಅಕ್ಷರ ಬಿಡದೆ ನೆನಪಿದೆಯಲ್ಲ ನಿನಗೆ. ನಿನಗೆಂಥ ಮರೆವು?" ಎಂದರು. ನನಗೆ ಉರಿದುಹೋಯಿತು.

ಮರಿ ಆ ಸಂಜೆ ಏನನ್ನೂ ಮುಟ್ಟಲಿಲ್ಲ. ಉಸಿರಾಡುವಾಗ ಎದೆಯಲ್ಲಿ ಗೊರಗೊರ ಶಬ್ದ ಬರುತ್ತಿತ್ತು. ಬೆಳಿಗ್ಗೆಯಷ್ಟೇ ನನ್ನ ಬೆರಳು ಕಚ್ಚಿ ಆಡಿದ ಮರಿ ಇದೇ ಎಂದರೆ ನಂಬಲಾಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಾವಿರದ ಅರವತ್ತು, ಬಲಗಿವಿ. ತಟ್ಟೆಯ ಮೇಲೆ ಕಾಲು ಚಾಚಿ ಬಿದ್ದುಕೊಂಡಿತು, ತಲೆ ಎತ್ತಲೂ ಇಲ್ಲ. ಔಷಧಿಯ ಬಾಟಲಿ ಮುಟ್ಟಲು ಹೆದರಿಕೆಯಾಗಿ ನೇರ ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಮರಿಯ ತುಟಿ ಎತ್ತಿ ವಸಡು ನೋಡಿದರು. ಅವರ ಮುಖ ಗಂಟಾಯಿತು. "ಏನಮ್ಮ ಇದು? ನಿನ್ನೆ ಸಂಜೆ ಈ ಮೇಜಿನ ಮೇಲೆ ಓಡಾಡ್ತಾ ಇತ್ತು!"

"ಯಾವುದು ಓಡಾಡ್ತಾ ಇತ್ತು?"

"ಇದೇ. ನೀವೇ ಕರ್ಕೊಂಡು ಬಂದಿದ್ರಲ್ಲ ಐದು ಗಂಟೆಗೆ."

"ನಾನಾ?"

"ನೀವೇ. ತಕ್ಕಡಿ ಅಂಗಡಿಯವರು. ಮನೆಗೆ ಹೋಗಿ ಔಷಧಿ ಹಾಕ್ತೀನಿ ಅಂದ್ರಿ. ಹಾಕಿದ್ರಾ?"

ಐದು ಗಂಟೆಗೆ ನಾನು ಅಂಗಡಿಯಲ್ಲಿ ತರಕಾರಿಯವನ ತಕ್ಕಡಿಗೆ ಸರಪಳಿ ಹಾಕುತ್ತಿದ್ದೆ. ಹಾಕುತ್ತಿದ್ದೆ ಎಂದೇ ನೆನಪು. ಅಪ್ಪನಿಗೂ ಎಲ್ಲ ಸರಿಯಾಗಿಯೇ ನೆನಪಿರುತ್ತಿತ್ತು, ಅದು ನಡೆದಿರುತ್ತಿರಲಿಲ್ಲ ಅಷ್ಟೇ. "ನಾನು ಬೆಳಿಗ್ಗೆ ಹಾಕಿದ್ದೆ, ಡಾಕ್ಟ್ರೇ" ಎಂದೆ.

"ಬೆಳಿಗ್ಗೆ ಹಾಕಿ ಸಂಜೆನೂ ಹಾಕಿದ್ರಾ? ಅಥವಾ ಎರಡು ಸಲಾನೂ ಹಾಕಿಲ್ವಾ? ಸರಿಯಾಗಿ ಜ್ಞಾಪಿಸ್ಕೊಳ್ಳಿ ಅಮ್ಮ. ನಿನ್ನೆ ಬಿದ್ದಿದ್ರೆ ಇವತ್ತು ಹಾಕೋ ಹಾಗಿಲ್ಲ, ಇದರ ಹೃದಯ ತಡೆಯಲ್ಲ. ಬಿದ್ದಿಲ್ಲ ಅಂದ್ರೆ ಇವತ್ತು ಹಾಕಲೇಬೇಕು, ಇಲ್ದಿದ್ರೆ ನಾಳೆಗೆ ಇರಲ್ಲ." ಅವರು ಚರ್ಮದ ಅಡಿಗೆ ನೀರು ಏರಿಸಿದರು. "ಇದು ಮಧ್ಯಾಹ್ನದ ತನಕ ತಡೆಯುತ್ತೆ. ಮೂರು ಗಂಟೆಯೊಳಗೆ ತೀರ್ಮಾನ ಮಾಡಿ. ಅದನ್ನ ನಾನು ಮಾಡಕ್ಕಾಗಲ್ಲ. ಔಷಧಿ ಕೊಟ್ಟವರಿಗೇ ಗೊತ್ತಿರೋದು."

ಔಷಧಿ ಕೊಟ್ಟವಳು ನಾನು. ನನಗೇ ಗೊತ್ತಿರಲಿಲ್ಲ.

ಅಂಗಡಿಗೆ ಮರಳಿ, ಮರಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಗೋಡೆಯ ಮೇಲಿನ ಬರಹವನ್ನು ನೋಡುತ್ತ ಕುಳಿತೆ. ಸಾವಿರದ ಇನ್ನೂರ ನಲವತ್ತು, ಇನ್ನೂರ ಎಪ್ಪತ್ತು, ನೂರ ಇಪ್ಪತ್ತು, ಇನ್ನೂರ ಅರವತ್ತು, ಅರವತ್ತು. ಬುಧವಾರದಿಂದ ಪಕ್ಕದಲ್ಲಿ ಬಲ, ಎಡ, ಬಲ. ಬರೆದವಳಿಗೇ ಹುಚ್ಚು ಎನ್ನುವಂತಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ನೋಡಿದೆ. ನಾಲ್ಕು ಸಲ ಹಾಕಿದಷ್ಟು ಕಡಿಮೆಯಾಗಿತ್ತೋ ಐದು ಸಲ ಹಾಕಿದಷ್ಟೋ, ಆ ಕಂದು ಗಾಜಿನಲ್ಲಿ ಯಾವ ದೇವರಿಗೂ ತಿಳಿಯುವಂತಿರಲಿಲ್ಲ.

ಒಂದು ಗಂಟೆಯಾಯಿತು. ಊಟಕ್ಕೆ ಹೋಗಲಿಲ್ಲ. ಶಟರನ್ನು ಒಳಗಿನಿಂದ ಎಳೆದುಕೊಂಡು, ರೇಡಿಯೋ ಆರಿಸಿ, ಮುಕ್ಕಾಲಿಯ ಮೇಲೆ ಕುಳಿತೆ. ಆಚೆ ಕಡೆಯ ರೇಡಿಯೋ ಕೂಡ ಎಂದೂ ಇಲ್ಲದೆ ಆರಿತ್ತು. ಊಟಕ್ಕೆ ಹೋಗಿರಬೇಕು ಎಂದುಕೊಂಡೆ. ಎಷ್ಟೋ ಕಾಲದ ನಂತರ ಅಂಗಡಿ ನಿಶ್ಶಬ್ದವಾಗಿತ್ತು.

ಆಗ ಮುಳ್ಳು ಅಲ್ಲಾಡಿತು.

ಕಂಬದ ಮೇಲಿನ ದುಂಡು ಮುಖದಲ್ಲಿ ನಾಲ್ಕು ವರ್ಷದಿಂದ ಸೊನ್ನೆಯ ಮೇಲೆ ಮಲಗಿದ್ದ ಮುಳ್ಳು ತಾನಾಗಿಯೇ ಎದ್ದು, ನಡುಗುತ್ತ, ಒಂದು ಕಿಲೋ ದಾಟಿ ಮೂರನೆಯ ಗೆರೆಯ ಹತ್ತಿರ ನಿಂತಿತು. ಪೆಟ್ಟಿಗೆಯ ಕಡೆ ನೋಡಿದರೆ ಬೆಳಿಗ್ಗೆಯಿಂದ ಕಾಲೆತ್ತದ ಮರಿ ಪೆಟ್ಟಿಗೆಯ ಅಂಚಿನಿಂದ ಉರುಳಿ ಬಿದ್ದು, ತೆವಳುತ್ತ, ಗೋಣಿತಾಟಿನ ಕಡೆಗೆ ಹೊರಟಿತ್ತು. ತಾಟನ್ನು ತಲೆಯಿಂದ ಎತ್ತಿ ಒಳಗೆ ನುಗ್ಗಿತು. ಮುಳ್ಳು ಇನ್ನೊಮ್ಮೆ ನಡುಗಿ ಎರಡು ಕಿಲೋ ದಾಟಿತು.

ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ತಾಟನ್ನು ಎತ್ತಿದೆ. ಅಪ್ಪನ ಕಬ್ಬಿಣದ ಹಲಗೆಯ ಮೇಲೆ ಎರಡು ಕಪ್ಪು ಮರಿಗಳು. ಎರಡು ಬಿಳಿ ಬಾಲದ ತುದಿಗಳು. ಒಂದಕ್ಕೆ ಎಡಗಿವಿ ಮಡಚಿದೆ, ಒಂದಕ್ಕೆ ಬಲಗಿವಿ. ಎಡಗಿವಿಯದು ಬಲಗಿವಿಯದರ ಮುಖವನ್ನು ಒಂದೇ ಸಮ ನೆಕ್ಕುತ್ತಿತ್ತು. ಅವುಗಳ ಆಚೆ, ನೆಲದ ಮೇಲೆ ಕೆನ್ನೆಯಿಟ್ಟ ಇನ್ನೊಂದು ಮುಖವಿತ್ತು. ನನ್ನದೇ ಮೂಗು, ನನ್ನದೇ ಕನ್ನಡಕ. ಆ ಮುಖ ಮಿಕಮಿಕ ನೋಡುತ್ತಿತ್ತು.

ಒಂದು ಗಳಿಗೆ ನಾನು ಕನ್ನಡಿಯನ್ನೇ ನೋಡುತ್ತಿದ್ದೇನೆ ಎಂದುಕೊಂಡೆ ಎಂದರೆ ಯಾರೂ ನಂಬುವುದಿಲ್ಲ.

ಮರಿ ಗೊರ್ ಎಂದು ಉಸಿರೆಳೆಯಿತು. ನಾಲ್ಕು ವರ್ಷದ ಮಾತು ಎಲ್ಲಿಂದ ಶುರು ಮಾಡುವುದೆಂದು ಯೋಚಿಸಲು ಹೊತ್ತಿರಲಿಲ್ಲ. "ಅಕ್ಕ, ನಿನ್ನೆ ಸಂಜೆ ಔಷಧಿ ಹಾಕಿದ್ಯಾ?" ಎಂದೆ.

"ಹಾಕ್ದೆ." ಅಕ್ಕನ ದನಿ ಸ್ವಲ್ಪ ಒಡೆದಿತ್ತು. "ಯಾವುದಕ್ಕೆ ಅಂತ ಮಾತ್ರ ಕೇಳ್ಬೇಡ. ನಾನು ಒಂದೇ ಮರಿ ಅಂದ್ಕೊಂಡಿದ್ದೆ."

"ನಾನೂ ಒಂದೇ ಅಂದ್ಕೊಂಡಿದ್ದೆ."

"ಸೋಮವಾರ ಮೆಟ್ಟಿಲ ಕೆಳಗೆ ಸಿಕ್ತು. ಒಂಬತ್ತೂವರೆಗೆ."

"ನನಗೆ ಒಂಬತ್ತಕ್ಕೆ."

ಅಕ್ಕ ಕನ್ನಡಕ ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು, "ನನಗೂ ಅಪ್ಪನ ಹಾಗೆ ಆಗ್ತಿದೆ ಅಂತ ಅಂದ್ಕೊಂಡಿದ್ದೆ ಕಣೇ. ಬೆಳಿಗ್ಗೆ ಒಂದು ಕಿವಿ ಮಡಚಿದ್ರೆ ಸಂಜೆ ಇನ್ನೊಂದು."

ನನಗೆ ಅಳು ಒತ್ತಿಕೊಂಡು ಬಂತು. ಇಬ್ಬರು ಹೆಂಗಸರು ಒಂದು ಪ್ಲೈವುಡ್ಡಿನ ಎರಡು ಬದಿಗೆ ಕುಳಿತು, ಇಬ್ಬರೂ ತಮ್ಮ ತಲೆ ಕೆಟ್ಟಿತೆಂದು ಹೆದರಿ ಸಾಯುತ್ತಿದ್ದೆವು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಳುವುದಕ್ಕೂ ಹೊತ್ತಿರಲಿಲ್ಲ. "ಬರೆದಿದ್ದೀಯಾ?" ಎಂದೆ.

"ಬರೀದೆ ಇರ್ತೀನಾ? ಗೋಡೆ ಮೇಲೇ ಬರೆದಿದೀನಿ."

ಅದೇ ಗೋಡೆ, ಆ ಬದಿ. ನಾನು ಎದ್ದು ನನ್ನ ಬದಿಯ ಮುಂದೆ ನಿಂತೆ. ಅವಳು ಎದ್ದ ಸದ್ದು ಕೇಳಿತು. ಅಪ್ಪ ಕಲಿಸಿದ ಹಾಗೆ ನಾನು ಕೂಗಿ ಹೇಳಿದೆ, ಅವಳು ಆಚೆಯಿಂದ ತನ್ನದನ್ನು ಕೂಗಿದಳು.

"ಬುಧವಾರ ಬೆಳಿಗ್ಗೆ, ನೂರ ಇಪ್ಪತ್ತು, ಬಲಗಿವಿ, ಹನ್ನೊಂದು ಹನಿ."

"ಬುಧವಾರ ಬೆಳಿಗ್ಗೆ ಇಲ್ಲಿ ಇನ್ನೂರ ಎಪ್ಪತ್ತೈದು, ಎಡ. ಹನಿ ಸಂಜೆ, ಹನ್ನೊಂದು." ಅವಳು ತಡೆದಳು. "ಸಂಜೆ ಹಾಕೋವಾಗ ಬಲ ಆಗಿತ್ತು. ತೂಕ ಕಮ್ಮಿ ಆಗಿದೆ ಅಂತ ಮತ್ತೆ ತೂಗಿದ್ದೆ."

ಆಗ ನನಗೆ ಹೊಳೆಯಿತು. ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಹೋದಾಗ ಇವೆರಡೂ ಪೆಟ್ಟಿಗೆಗಳಿಂದ ಇಳಿದು, ಈ ಹಲಗೆಯ ಮೇಲೆ ಒಟ್ಟಿಗೆ ಮಲಗುತ್ತಿದ್ದವು. ನಾನು ಬಂದು ಶಟರ್ ಎತ್ತಿದ ಸದ್ದಿಗೆ ಹೆದರಿ, ಒಂದು ಆಚೆಗೂ ಒಂದು ಈಚೆಗೂ ಸಿಕ್ಕಸಿಕ್ಕ ಕಡೆ ನುಗ್ಗುತ್ತಿದ್ದವು. ನನ್ನ ಔಷಧಿ ಬೆಳಿಗ್ಗೆ. ಅವಳು ಸೋಮವಾರ ಸಂಜೆ, ಡಾಕ್ಟರಮ್ಮ ಇಲ್ಲದಾಗ, ಆಸ್ಪತ್ರೆಯ ಕಾಂಪೌಂಡರಿಂದ ಬಾಟಲಿ ತಂದಿದ್ದಳಂತೆ, ಹಾಗಾಗಿ ಅವಳದು ಸಂಜೆ. ಬೆಳಿಗ್ಗೆ ನನ್ನ ಹತ್ತಿರವೂ ಸಂಜೆ ಅವಳ ಹತ್ತಿರವೂ ಇದ್ದ ಮರಿಗೆ ದಿನಕ್ಕೆ ಎರಡು ಸಲ ಬೀಳುತ್ತಿತ್ತು. ಇನ್ನೊಂದಕ್ಕೆ ಒಂದೂ ಇಲ್ಲ.

"ಎರಡನ್ನೂ ನಾವೇ ಕೊಲ್ತಾ ಇದ್ವಲ್ಲೇ" ಎಂದಳು ಅಕ್ಕ.

"ಬಲಗಿವಿಯದು ಮಾತ್ರ ಹೇಳು. ಗುರುವಾರ?"

"ಗುರುವಾರ ಬೆಳಿಗ್ಗೆ ನನ್ನ ಹತ್ರ ಇತ್ತು. ಹನಿ ಹಾಕಿಲ್ಲ. ಸಂಜೆ ಹಾಕಿದ್ದು ಎಡಗಿವಿಯದಕ್ಕೆ."

"ಸಂಜೆ ಬಲಗಿವಿ ನನ್ನ ಹತ್ರ ಇತ್ತು. ನಾನೂ ಹಾಕಿಲ್ಲ." ಮೂರು ಸಲ ಕೇಳಿಸಿಕೊಂಡೆ, ಮೂರು ಸಲ ಹೇಳಿಸಿದೆ. ಬಲಗಿವಿಯದಕ್ಕೆ ಬುಧವಾರ ಸಂಜೆಯ ನಂತರ ಒಂದು ಹನಿಯೂ ಬಿದ್ದಿರಲಿಲ್ಲ. ಹಾಕಬೇಕು. ಈಗಲೇ. ಗಡಿಯಾರದಲ್ಲಿ ಎರಡೂಕಾಲು.

ಸಂದಿಯಿಂದ ಬಲಗಿವಿಯದನ್ನು ಎಳೆದುಕೊಂಡು ತೊಡೆಯ ಮೇಲೆ ಮಲಗಿಸಿದೆ. ಬಾಯಿ ಬಿಡಿಸಿದೆ. ಹತ್ತು ಹನಿ, ಹನ್ನೊಂದಾಗಬಾರದು. ಬಾಟಲಿಯ ಮುಚ್ಚಳ ತೆಗೆದು ಡ್ರಾಪರ್ ಎತ್ತಿದೆ. ಡ್ರಾಪರಿನ ತುದಿ ಮರಿಯ ಹಲ್ಲಿಗೆ ತಾಗಿ ಟಿಕ್ ಎಂದಿತು. ಕೈ ಹಿಂತೆಗೆದು ಮತ್ತೆ ಹಿಡಿದೆ. ಮತ್ತೆ ಟಿಕ್ ಎಂದಿತು. ನನ್ನ ಕೈಯನ್ನು ನೋಡಿದೆ. ಅದು ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ಹನಿ ಮರಿಯ ಮೂಗಿನ ಮೇಲೆ ಬಿತ್ತು, ಒಂದು ನನ್ನ ಸೀರೆಯ ಮೇಲೆ.

ಆ ಸದ್ದು ನನಗೆ ಗೊತ್ತಿತ್ತು. ಗೋಡೆಯ ಆಚೆ ಇದ್ದವಳಿಗೂ ಗೊತ್ತಿತ್ತು. ಅವಳು ಏನೂ ಅನ್ನಲಿಲ್ಲ. ನಾಲ್ಕು ವರ್ಷ ಕಾದ ಮಾತನ್ನು ಆಡಲು ಅವಳಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ, ಆದರೂ ಅನ್ನಲಿಲ್ಲ.

ನಾನೇ ಅಂದೆ. "ಅಕ್ಕ, ನನ್ನ ಕೈ ನಡುಗುತ್ತೆ. ಬಾ, ನೀನು ಹಾಕು."

ಆಚೆಯ ಶಟರ್ ಎದ್ದಿತು. ನನ್ನ ಶಟರ್ ಎದ್ದಿತು. ಅಕ್ಕ ಒಳಗೆ ಬಂದು ನನ್ನ ಎದುರು ನೆಲದ ಮೇಲೆಯೇ ಕುಳಿತಳು. ಎಷ್ಟು ಬಡವಾಗಿದ್ದಾಳೆ ಎಂದು ಆಗ ನೋಡಿದೆ. ನನ್ನ ಕೈಯಿಂದ ಡ್ರಾಪರ್ ತೆಗೆದುಕೊಂಡಳು. ಅವಳ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು.

"ನೋಡ್ದೆಯಲ್ಲ" ಎಂದಳು. "ಆವತ್ತೂ ನಡುಗ್ತಾ ಇತ್ತು. ನೀನು ಹೇಳಿದ್ದು ಸುಳ್ಳಲ್ಲ. ಆ ಚಿನ್ನದ ಕೆಲಸದವರ ಮುಂದೆ ಹೇಳಿದ್ಯಲ್ಲ, ಅದು."

ತಪ್ಪಾಯಿತು ಎನ್ನಬೇಕಿತ್ತು, ಎನ್ನಲಿಲ್ಲ. ಅವಳ ಮಣಿಕಟ್ಟನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಒಬ್ಬಳ ನಡುಕ ಇನ್ನೊಬ್ಬಳ ನಡುಕಕ್ಕೆ ಅಡ್ಡ ಬಂತೋ ಏನೋ, ಡ್ರಾಪರ್ ನಿಂತಿತು.

"ಒಂದು" ಎಂದಳು ಅಕ್ಕ.

"ಎರಡು" ಎಂದೆ ನಾನು.

ಹತ್ತರವರೆಗೆ ಎಣಿಸಿದೆವು.

ಆಮೇಲೆ ಇಬ್ಬರೂ ಎರಡು ಮರಿಗಳನ್ನು ಆಸ್ಪತ್ರೆಗೆ ಒಯ್ದೆವು. ಅಂದು ಎಡಗಿವಿಯದಕ್ಕೆ ಹನಿ ಬೇಡ, ನಾಳೆಯಿಂದ ಎರಡಕ್ಕೂ ಬೆಳಿಗ್ಗೆಯೇ ಹಾಕಿ ಎಂದರು ಡಾಕ್ಟರಮ್ಮ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ಎರಡು ಮರಿಗಳನ್ನೂ ಅಕ್ಕನೇ ತನ್ನ ಮನೆಗೆ ಒಯ್ದಳು. ಬೇರೆ ಮಾಡಿದರೆ ಬಲಗಿವಿಯದು ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿತಂತೆ. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಕೋಪವೋ ಸಂ​ಕೋಚವೋ ನನಗೆ ತಿಳಿಯಲಿಲ್ಲ. ಮನೆಯಲ್ಲಿ ಯಜಮಾನರು, "ಅಂತೂ ರಾಜಿ ಆಯ್ತೋ?" ಎಂದರು. "ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವರು ಆ ದಿನ ತಮಾಷೆ ಮಾಡಲಿಲ್ಲ.

ಶನಿವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗಲೇ ಬಂದೆ. ಆಚೆಯ ಶಟರ್ ಆಗಲೇ ಎದ್ದಿತ್ತು. ಅದನ್ನು ಕಂಡು ನನ್ನ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು. ಬಲಗಿವಿಯದು ಬೆಳಗಿನ ತನಕ ಉಳಿದಿತ್ತೋ ಇಲ್ಲವೋ? ಒಳಗೆ ಹೋಗಿ ಮುಕ್ಕಾಲಿಯ ಮೇಲೆ ಕುಳಿತೆ. ರೇಡಿಯೋ ಹಾಕಲಿಲ್ಲ. ಆಚೆಯೂ ಹಾಕಿರಲಿಲ್ಲ.

ಗೋಣಿತಾಟಿನ ಆಚೆ ಸೀರೆಯ ಸರಬರ ಕೇಳಿತು. ಮುಳ್ಳು ಸೊನ್ನೆಯಿಂದ ಎದ್ದಿತು. ನಡುಗಿತು. ಒಂದು ಕಿಲೋ ದಾಟಿ ಮೊದಲನೆಯ ಗೆರೆಯ ಮೇಲೆ ಬಂದು ನಿಂತಿತು.

"ಬಲಗಿವಿ" ಎಂದಿತು ಅಕ್ಕನ ದನಿ. "ಎಷ್ಟು?"

"ಸಾವಿರದ ನೂರು" ಎಂದೆ. ನಲವತ್ತು ಗ್ರಾಂ ಏರಿತ್ತು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

ಅಕ್ಕ ನನ್ನನ್ನು ಕ್ಷಮಿಸಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಮುಳ್ಳು ಸೊನ್ನೆಗೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿದು ಇನ್ನೊಮ್ಮೆ ಏರಿತು. ಮೂರು ಸಲವೂ ಅದೇ ಗೆರೆ. ಆಮೇಲೆ ಪ್ಲೈವುಡ್ಡಿನ ಆ ಬದಿಯಲ್ಲಿ ಅಕ್ಕ ಸೀಮೆಸುಣ್ಣದಲ್ಲಿ ಬರೆಯುವ ಸದ್ದು ಕೇಳಿತು.